ಯಮನೂರಪ್ಪನ ಹಳಸಿದ್ದು

ಖ್ವಾಜಾಮೀನನ ಹೆಬ್ಬೆರಳು ಗಿಟಾರಿನ ದಪ್ಪ ತಂತಿಯ ಮೇಲೆ ಬಿದ್ದರೆ, ಮನೆಯ ಖಾಲಿ ಅಟ್ಟದಲ್ಲಿ ಯಾರೋ ಬೂಟುಗಾಲಿನಲ್ಲಿ ನಡೆದಾಡಿದಂತೆ ಕೇಳುತ್ತದೆ. ನಡೆದಾಡುವವನಿಗೆ ಅವಸರವಿಲ್ಲ; ಕೆಳಗೆ ಜನ ಇದ್ದಾರೆಂದೂ ಅವನಿಗೆ ಗೊತ್ತು. ಸಣ್ಣ ತಂತಿಗಳ ಮೇಲೆ ಉಳಿದ ಬೆರಳುಗಳು ಹೆಬ್ಬೆರಳಿಗೆ ಕೇಳಿಸದಂತೆ ಬೇರೆಯೇ ಏನನ್ನೋ ಮಾತಾಡಿಕೊಳ್ಳುತ್ತಿರುತ್ತವೆ. ಇದನ್ನು ನಾನು ಖ್ವಾಜಾಮೀನನ ಎದುರು ಎಂದೂ ಹೇಳಿಲ್ಲ. ಅವನೆದುರು ಕೂಗುವುದು ಇಷ್ಟೇ: “ಏ ಖ್ವಾಜಾ, ಕಟ್ಟಿಗಿ ಒಡಿಯೂದಿದ್ರ ಅಡ್ಡೆಕ್ಕ ಹೋಗಲೇ! ಇಲ್ಲ್ಯಾಕ ಬಂದಿ?” ಅವನು ತಲೆ ಬಾಗಿಸಿ, ಗಡ್ಡದೊಳಗೇ ನಕ್ಕು, ಇನ್ನೊಂದು ಶುರುಮಾಡುತ್ತಾನೆ.

ನಮ್ಮೂರಲ್ಲಿ ಗಿಟಾರ್ ಬಾರಿಸುವವರನ್ನು ಅವರ ಕಿವಿಗೆ ಬೀಳುವಂತೆ ಹೊಗಳಬಾರದು. ಮನಸ್ಸಿನಿಂದ ಹೊಗಳಿದರೆ ಆ ಟ್ಯೂನು ಹೋಗಿಬಿಡುತ್ತದೆ. ಬಾರಿಸಿದವರ ಬೆರಳಿನಿಂದಲೂ ಹೋಗುತ್ತದೆ, ಕೇಳಿದವರ ನೆನಪಿನಿಂದಲೂ ಹೋಗುತ್ತದೆ. ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟಿದ್ದರೆ ಟೇಪು ಸರಿಯುವ ಸದ್ದಷ್ಟೇ ಉಳಿಯುತ್ತದೆ. ಸುಳ್ಳು ಹೊಗಳಿಕೆಯಿಂದ ಏನೂ ಆಗುವುದಿಲ್ಲ. ಮುನ್ಸಿಪಾಲ್ಟಿ ಅಧ್ಯಕ್ಷರು ವರ್ಷವರ್ಷವೂ ವೇದಿಕೆ ಹತ್ತಿ ಊರಿನ ಅಷ್ಟೂ ಗಿಟಾರಿನವರನ್ನು ಹಾಡಿ ಹೊಗಳುತ್ತಾರೆ. ಇಂದಿನವರೆಗೆ ಒಂದು ಸ್ವರವೂ ಕಳೆದಿಲ್ಲ. ಬರೆದರೂ ಏನೂ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚರ್ಚಿನ ಹಿಂದಿನ ಓಣಿಯ ಕ್ರಿಸ್ತೀನಾ ಮೇಡಂ ಬಾರಿಸುವುದು ಎಷ್ಟು ಮೆಲ್ಲಗೆಂದರೆ, ಶುಕ್ರವಾರದ ಕೂಟದಲ್ಲಿ ಅವರ ಸರದಿ ಬಂದಾಗ ಫ್ಯಾನು ಬಂದ್ ಮಾಡುತ್ತಾರೆ. ಎಲ್ಲರೂ ಬೆವರುತ್ತಾ ಕೂರುತ್ತೇವೆ. ಅವರು ಒಂದು ಸ್ವರವನ್ನು ಮೀಟಿ ಬಿಡುವುದಿಲ್ಲ, ಮೀಟಿದ ಮೇಲೂ ಅದರ ಕೈ ಹಿಡಿದುಕೊಂಡು ಬಾಗಿಲವರೆಗೆ ಹೋಗಿ ಕಳಿಸಿ ಬರುತ್ತಾರೆ. “ಮೇಡಂ, ಅದಕ್ಕ ತಂತಿ ಹಾಕೀರೋ ಇಲ್ಲೋ?” ಎಂದು ಹಿಂದಿನ ಸಾಲಿನವರು ಕೂಗುತ್ತಾರೆ. ಅವರದೂ ಒಂದು ಟ್ಯೂನು ಹೋಗಿದೆ. ಅವರ ತಂಗಿಯ ಮಗಳ ಮದುವೆಗೆ ಪರಊರಿನಿಂದ ಬಂದ ಮುದುಕಿಯೊಬ್ಬಳು, ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲವಾಗಿ, ಅದನ್ನು ಕೇಳಿ ಕಣ್ಣೊರೆಸಿಕೊಂಡು ಮೇಡಂ ಕೆನ್ನೆ ಮುಟ್ಟಿ ಏನೋ ಅಂದಳು. ಆ ಮದುವೆಯಲ್ಲಿ ನಾನೂ ಇದ್ದೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದು ನೆನಪಿದೆ. ನಾನು ಅತ್ತದ್ದು ನೆನಪಿದೆ. ಯಾತಕ್ಕೆ ಅತ್ತೆನೋ ಗೊತ್ತಿಲ್ಲ. ಆಮೇಲಿನಿಂದ ಬೀಗರು ಬಂದ ಕೂಡಲೇ ಅವರಿಗೆ ಎರಡು ಮೂರು ಬೈಗುಳ ಕಲಿಸಿಬಿಡುತ್ತಾರೆ.

ಟ್ಯೂನುಗಳ ಹೆಸರುಗಳೂ ಹಾಗೇ. ಚಂದದ ಹೆಸರಿಟ್ಟರೆ ಅಪಾಯ. ಖ್ವಾಜಾಮೀನನದು ‘ಕುಂಟ’, ಮೇಡಮ್ಮಿನದು ‘ಸಪ್ಪಗಿನದು’. ಎಲ್ಲಕ್ಕಿಂತ ಮೇಲಿನದು ಯಮನೂರಪ್ಪನ ‘ಹಳಸಿದ್ದು’.

ಹಳಸಿದ್ದು ಹೇಗಿತ್ತೆಂದು ಬರೆಯಲು ನನ್ನಲ್ಲಿ ಏನೂ ಉಳಿದಿಲ್ಲ. ಅದನ್ನು ಬಾರಿಸುವಾಗ ಸುತ್ತಮುತ್ತ ಏನಾಗುತ್ತಿತ್ತು ಎಂಬುದಷ್ಟೇ ಇದೆ. ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಶೆಡ್ಡಿನಲ್ಲಿ ಶುಕ್ರವಾರ ಸಂಜೆ ನಾವೆಲ್ಲ ಸೇರುತ್ತಿದ್ದೆವು. ಜಂತಿಗಳಲ್ಲಿ ಇನ್ನೂ ಹಳೆಯ ಹತ್ತಿಯ ಎಳೆ ಸಿಕ್ಕಿಕೊಂಡಿದೆ, ಸದ್ದಾದರೆ ಉದುರುತ್ತದೆ. ಹಳಸಿದ್ದು ಶುರುವಾದರೆ ಉದುರುವುದು ನಿಲ್ಲುತ್ತಿತ್ತು. ಖ್ವಾಜಾಮೀನ್ ಎದ್ದು ಹೊರಗೆ ಹೋಗಿ, ಬೆನ್ನು ತಿರುಗಿಸಿ, ಮುಗಿಯುವವರೆಗೆ ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು ನಿಂತಿರುತ್ತಿದ್ದ. ಮುಗಿದ ಕೂಡಲೇ ಶೆಡ್ಡು ಬೈಗುಳದಿಂದ ಅದುರುತ್ತಿತ್ತು.

ಬೈಯುವುದರಲ್ಲಿ ನನಗೊಂದು ಹೆಸರಿತ್ತು. ನಾನು ಇರುವುದು ಸರ್ಕಾರಿ ಹಾಸ್ಟೆಲಿನಲ್ಲಿ. ಅಲ್ಲಿನ ಲೈಬ್ರರಿಯಲ್ಲಿ ಯಾರೂ ಮುಟ್ಟದ ಪುಸ್ತಕಗಳಿಂದ ಹಳೆಯ ಕಾಲದ ಬೈಗುಳಗಳನ್ನು ಹೆಕ್ಕಿ ತರುತ್ತಿದ್ದೆ. ಜನ ನನ್ನನ್ನು ‘ಲೈಬ್ರರಿ’ ಎಂದೇ ಕರೆಯುತ್ತಿದ್ದರು. ಆದರೆ ಊರಿಗೇ ಮೊದಲ ನಂಬರು ಬಾಳವ್ವ, ಯಮನೂರಪ್ಪನ ಹೆಂಡತಿ. ಮನೆಯಲ್ಲಿ ಗಂಡನಿಗೆ ‘ರೀ’ ಎನ್ನುವವಳು, ಶುಕ್ರವಾರ ಮಾತ್ರ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು, ಸೆರಗು ಸೊಂಟಕ್ಕೆ ಬಿಗಿದು, ಅವನನ್ನು ಏಕವಚನದಲ್ಲೇ ಬೈಯಲು ಹಿಡಿಯುತ್ತಿದ್ದಳು. “ಏ ಯಮನೂರ್ಯಾ! ಆ ತಂತಿ ಬಿಚ್ಚಿ ಕೊಡಲೇ, ಅರಬಿ ಒಣಹಾಕಾಕರ ಬರ್ತಾವು! ನೀ ಬಾರಿಸೂದು ಕೇಳಿ ಓಣ್ಯಾಗಿನ ಎಮ್ಮಿ ಎಲ್ಲಾ ಹಾಲ ಕೊಡೂದ ಬಿಟ್ಟಾವು!” ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಯಮನೂರಪ್ಪ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಅವಳಿಗೆ ಕೈ ಮುಗಿಯುತ್ತಿದ್ದ.

ಹಗಲು ಅವನು ಬಸ್‌ಸ್ಟ್ಯಾಂಡ್ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದ. ಸುಟ್ಟ ಪಂಪಿನ ಮೋಟರು ಬಿಚ್ಚಿ, ಕರಕಾದ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತುವುದು. ಅಂಗಡಿಯ ಹಿಂದೆ ಬಿದಿರಿನ ತಟ್ಟಿ ಅಡ್ಡ ಕಟ್ಟಿ ಅದನ್ನೇ ಮನೆ ಮಾಡಿಕೊಂಡಿದ್ದರು. ಮಕ್ಕಳಿರಲಿಲ್ಲ. ವಾರ್ನಿಷಿನ ವಾಸನೆ ಅವನ ಅಂಗಿಯಲ್ಲಿ ಸದಾ ಇರುತ್ತಿತ್ತು.

ಕೆಡುಕು ಬಂದದ್ದು ಒಬ್ಬ ಒಳ್ಳೆಯ ಮನುಷ್ಯನಿಂದ. ಊರಿಗೆ ಹೊಸ ಬ್ಯಾಂಕ್ ಬಂದಿತ್ತು. ಅದರ ಮ್ಯಾನೇಜರ್ ಚಿದಂಬರಯ್ಯ ದೂರದ ಕಡೆಯವರು. ನಮ್ಮ ಪದ್ಧತಿಯನ್ನು ಅವರಿಗೆ ಹೇಳಿದಾಗ ತಮಾಷೆ ಎಂದುಕೊಂಡರು. ಒಂದು ಶುಕ್ರವಾರ ಶೆಡ್ಡಿಗೆ ಬಂದು, ಮೂಲೆಯಲ್ಲಿ ಕರವಸ್ತ್ರ ಹಾಸಿ ಕೂತು, ಕೊನೆಯವರೆಗೂ ಇದ್ದರು. ಬೈಗುಳದ ಮಳೆ ನಿಂತ ಮೇಲೆ ಯಮನೂರಪ್ಪನ ಹತ್ತಿರ ಹೋಗಿ, ಅವನ ಭುಜ ಹಿಡಿದು, “ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ. ಇಷ್ಟು ಜನ ಇಷ್ಟು ಕೆಟ್ಟದಾಗಿ ಬಯ್ದರೂ ಬಿಡದೆ ಬಾರಿಸ್ತೀರಲ್ಲ, ನಾನಾಗಿದ್ರೆ ಎಂದೋ ಬಿಟ್ಟುಬಿಡ್ತಿದ್ದೆ,” ಎಂದರು.

ನಾವು ಗಾಬರಿಯಾದೆವು. ಆದರೆ ಅದು ಹೊಗಳಿಕೆಯಾಗಿರಲಿಲ್ಲ, ಬರೀ ಕರುಣೆ. ಯಾವ ಟ್ಯೂನೂ ಹೋಗಲಿಲ್ಲ. ಖ್ವಾಜಾಮೀನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಯಮನೂರಪ್ಪ ಮಾತ್ರ ನಗಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕುವಾಗ ಜಿಪ್ಪನ್ನು ಅರ್ಧಕ್ಕೆ ನಿಲ್ಲಿಸಿ, ಶೆಡ್ಡಿನಲ್ಲಿ ಉಳಿದವರ ಮುಖಗಳನ್ನು ಒಂದೊಂದಾಗಿ ನೋಡಿದ. ನನ್ನ ಮುಖವನ್ನೂ.

ಮುಂದಿನ ಶುಕ್ರವಾರ ಅವನು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ನಾನು ಅಂಗಡಿಗೆ ಹೋದೆ. ಮಧ್ಯಾಹ್ನ. ಅವನು ಮೋಟರಿನ ಕಚ್ಚುಗಳೊಳಗೆ ತಂತಿ ಕೂರಿಸುತ್ತಿದ್ದ. ತಲೆಯೆತ್ತದೆ ಸ್ಟೂಲು ತೋರಿಸಿದ.

“ಕಾಕಾ, ಶೆಡ್ಡಿಗ್ಯಾಕ ಬರವಲ್ಲಿ?”

“ಏನ್ ಬರೂದು ತಮ್ಮಾ. ಒಂದ್ ಮಾತ್ ಕೇಳ್ತೀನಿ, ಖರೇ ಹೇಳ್. ಖರೇನ ಕೆಟ್ಟ ಬಾರಿಸಾಂವ ಒಬ್ಬ ಇದ್ದಾ ಅಂತ ತಿಳಿ. ಅವಂಗೂ ನೀವು ಹಿಂಗ ಬೈತಿದ್ರಿ, ಹೌದಲ್ಲೋ? ಚಲೋ ಬಾರಿಸಾಂವಗೂ ಅದ ಮಾತು, ಕೆಟ್ಟ ಬಾರಿಸಾಂವಗೂ ಅದ ಮಾತು. ಹಂಗಾದ್ರ ನಾ ಯಾಂವ ಅನ್ನೂದು ನಂಗ್ ಹ್ಯಾಂಗ್ ಗೊತ್ತಾಗಬೇಕು?”

“ಜನಾ ಬರ್ತಾರಲ್ಲ ಕಾಕಾ, ಅಷ್ಟು ಮಂದಿ.”

“ಬೈಯಾಕ ಬರ್ತಾರ. ಪುಗಸಟ್ಟೆ ಬೈಯಾಕ ಒಬ್ಬ ಸಿಕ್ರ ಯಾರ್ ಬಿಡ್ತಾರ? ನಾನೂ ಬರ್ತಿದ್ದೆ.”

ನಾನು ನಕ್ಕೆ. ಅವನು ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ. ಅವನಿಗೆ ಬೇಕಾದದ್ದು ಇಷ್ಟು: ನಾನು ಅವನೆದುರು ಕೂತು ಹಳಸಿದ್ದನ್ನು ಕೇಳಿ, ಬಾಯಿಬಿಟ್ಟು ಹೊಗಳಬೇಕು. ಅದು ಹೋದರೆ ಚಲೋ ಇತ್ತೆಂದು ಗೊತ್ತಾಗುತ್ತದೆ. ಹೋದ ಮೇಲೆ ಉಳಿದವನ್ನು ಬಾರಿಸುತ್ತ ಬದುಕಬಹುದು. ಹೋಗದೆ ಉಳಿದರೆ ಅಲ್ಲಿಗೆ ಮುಗಿಯಿತು, ಗಿಟಾರ್ ಮುಟ್ಟುವುದಿಲ್ಲ.

“ಸಣ್ಣದೊಂದು ಟ್ಯೂನ್ ಮ್ಯಾಲ ನೋಡೂಣಲ್ಲ ಕಾಕಾ? ಹಳಸಿದ್ದ ಯಾಕ?”

“ಸಣ್ಣದು ಹೋದ್ರ ಸಣ್ಣಾಂವ ಅಂತ ಗೊತ್ತಾಗತೈತಿ. ಅದನ್ನ ತಗೊಂಡ್ ಏನ್ ಮಾಡ್ಲಿ?”

“ಕಾಕೀ ಕಡೆ ಹೇಳಿಸು.”

“ಆಕಿ ಹೆಂಡ್ತಿ. ಆಕಿ ಏನಂದ್ರೂ ನನ್ನ ಮ್ಯಾಲಿನ ಮಾಯಾದಾಗ ಅಂದ್ಲು ಅನಸ್ತೈತಿ. ನೀ ಓದಿದಾಂವ. ನಿಂಗ ನಾ ಏನೂ ಆಗಬೇಕಾಗಿಲ್ಲ.”

ನಾಳೆ ಬರುತ್ತೇನೆ ಎಂದು ಎದ್ದೆ. ಬಾಳವ್ವ ರಸ್ತೆಯವರೆಗೆ ಹಿಂದೆಯೇ ಬಂದಳು. ತಟ್ಟಿಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಲೈಬ್ರರೀ, ನೀ ಬಾಯಿ ಬಿಚ್ಚಿದ್ರ ಅದ ತಾಮ್ರದ ತಂತಿಲೆ ನಿನ್ನ ನಾಲಗಿ ಸುತ್ತತೀನಿ ನೋಡು. ಅಂವಂಗ ತಲಿ ಕೆಟ್ಟೈತಿ. ಆ ಟ್ಯೂನ್ ಏನ್ ಅಂವಂದ ಒಬ್ಬಾವಂದ?”

“ಬಾರಿಸೂದ ಬಿಡ್ತೀನಿ ಅಂತಾನಲ್ಲ ಕಾಕಿ.”

“ಬಿಡಂಗಿಲ್ಲ. ಬಿಡ್ತೀನಿ ಅಂದ ಗಂಡಸ್ರನ್ನ ಭಾಳ ನೋಡೇನಿ. ಸಿಟ್ಟು ಇಳದ್ರ ತಾನ ತಗೀತಾನ.” ಹಾಗೆಂದವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ತಗ್ಗಿದ ದನಿಯಲ್ಲಿ, “ನೀ ಹೇಳಬ್ಯಾಡಪಾ,” ಎಂದಳು.

ಸಂಜೆ ಲೈಬ್ರರಿಯಲ್ಲಿ ಕೂತು ನಾನು ಹೊಗಳುವುದು ಹೇಗೆಂದು ಹುಡುಕಿದೆ. ಇದು ನಗುವ ಮಾತಲ್ಲ. ಹುಟ್ಟಿದಾಗಿನಿಂದ ನಾನು ಗಿಟಾರಿನವರ ಬಗ್ಗೆ ಬಾಯಿಂದ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ಆಡಿದವರನ್ನು ಕೇಳಿಯೂ ಇರಲಿಲ್ಲ. ಬೈಗುಳ ನೂರು ಬಗೆಯದು ಬರುತ್ತಿತ್ತು. ಹೊಗಳಿಕೆಯ ಕಪಾಟಿನಲ್ಲಿ ಮುನ್ಸಿಪಾಲ್ಟಿ ಅಧ್ಯಕ್ಷರ ಮಾತುಗಳಷ್ಟೇ ಇದ್ದವು. ಕಡೆಗೆ ಸಂಗೀತ ವಿಮರ್ಶೆಯ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದರಲ್ಲಿ ಒಪ್ಪುವಂಥ ಸಾಲುಗಳನ್ನು ಬಾಯಿಪಾಠ ಮಾಡಿದೆ. ಒಂದೊಂದು ಸಾಲೂ ಹಳಸಿದ್ದಕ್ಕೆ ಸರಿಹೊಂದುತ್ತದೆ ಎಂದೇ ಅನ್ನಿಸಿತ್ತು.

ಮರುದಿನ ಅವನು ಅಂಗಡಿಯ ಅರ್ಧ ಬಾಗಿಲು ಎಳೆದು ಗಿಟಾರ್ ತೆಗೆದ. ತಟ್ಟಿಯ ಆಚೆ ಸ್ಟೋವಿನ ಸದ್ದಿತ್ತು. ಅವನು ಶುರುಮಾಡಿದ ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಅವನು ಬಾರಿಸಿದ, ನಾನು ಕೇಳಿದೆ. ಆಮೇಲೆ ನೆಟ್ಟಗೆ ಕೂತು ಹೇಳಿದೆ: “ಲಯದ ಮೇಲಿನ ನಿಮ್ಮ ಹಿಡಿತ ಅಪೂರ್ವವಾದುದು. ಭಾವತೀವ್ರತೆ ಮತ್ತು ತಾಂತ್ರಿಕ ಪ್ರೌಢಿಮೆಗಳು ಇಲ್ಲಿ ಹದವಾಗಿ ಮೇಳೈಸಿವೆ. ಮೌನವನ್ನು ಕೂಡ ನಾದದ ಅಂಗವಾಗಿಸಿಕೊಂಡ ಅಪರೂಪದ ಪ್ರತಿಭೆ ನಿಮ್ಮದು.”

ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿಯಿತೆಂದು ಗೊತ್ತಾದ ಮೇಲೆ ಉಸಿರು ಬಿಟ್ಟು, ತಂತಿಯ ಮೇಲೆ ಬೆರಳಿಟ್ಟ. ಹಳಸಿದ್ದು ಬಂತು. ಮೊದಲಿನಿಂದ ಕೊನೆಯವರೆಗೆ, ಎಲ್ಲೂ ಎಡವದೆ ಬಂತು. ಬಾರಿಸುತ್ತ ಬಾರಿಸುತ್ತ ಅವನ ಮುಖ ಇಳಿಯುತ್ತ ಹೋದುದನ್ನು ನೋಡಿದೆ. ಅದನ್ನು ನೋಡಿದ್ದು ನೆನಪಿದೆ.

“ಆತು,” ಎಂದ. ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ನನ್ನ ತೊಡೆಯ ಮೇಲಿಟ್ಟ. “ತಗೊಂಡ್ ಹೋಗು ತಮ್ಮಾ. ಹಾಸ್ಟೆಲ್‌ನಾಗ ಯಾರರ ಕಲೀತಾರ.”

“ಕಾಕಾ, ಅವು ನನ್ನ ಮಾತಲ್ಲ. ಪುಸ್ತಕದ್ದು. ಅದಕ್ಕ ಹೋಗಿಲ್ಲ.”

“ಹಂಗಾದ್ರ ನಿನ್ನ ಮಾತು ಹೇಳು.”

ನಾನು ಬಾಯಿ ತೆರೆದೆ. ಬಾಯಿಯಲ್ಲಿ ಇದ್ದದ್ದು ಬೈಗುಳ. ಅದರ ಕೆಳಗೆ ಏನೋ ಇತ್ತು, ಬರಲು ಒದ್ದಾಡುತ್ತಿತ್ತು. ಅದನ್ನು ಹಿಡಿದು ಎಳೆದರೆ ಬರುತ್ತಿತ್ತೇನೋ. ಆದರೆ ಅದು ಬಂದರೆ ಹಳಸಿದ್ದು ಹೋಗುತ್ತದೆ. ಶುಕ್ರವಾರ ಸಂಜೆ ಬಿಟ್ಟರೆ ನನಗಿರುವುದು ಹಾಸ್ಟೆಲಿನ ಸಾರು ಮತ್ತು ತಿಗಣೆ. ನಾನು ಬಾಯಿ ಮುಚ್ಚಿದೆ. ಅವನು ಹೂಂ ಎಂದು ತಲೆಯಾಡಿಸಿ, ಮೋಟರಿನ ಕಡೆ ತಿರುಗಿ ತಂತಿ ಸುತ್ತತೊಡಗಿದ. ಒಂದು, ಎರಡು, ಮೂರು ಎಂದು ಬಾಯಲ್ಲೇ ಸುತ್ತು ಎಣಿಸುತ್ತಿದ್ದ. ಅವನ ಬೆನ್ನು ಕಂಡಿತು. ಅಷ್ಟು ಸಾಮಾನ್ಯವಾದ ಬೆನ್ನನ್ನು ನಾನು ನೋಡಿರಲಿಲ್ಲ.

ತಟ್ಟಿ ಸರಿಸಿ ಬಾಳವ್ವ ಬಂದಳು. ಕೈಯಲ್ಲಿ ಸವುಟು ಹಾಗೇ ಇತ್ತು. ಹಳಸಿದ್ದು ಉಳಿದದ್ದಕ್ಕೆ ಅವಳ ಮುಖ ಮೊದಲು ಅರಳಿತ್ತು; ನನಗೆ ಕಣ್ಣು ಹೊಡೆದಿದ್ದಳು ಕೂಡ. ಈಗ ಅವಳೂ ಆ ಬೆನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

“ಇಲ್ಲೆ ನೋಡ್ರಿ,” ಎಂದಳು.

ಅವನು ತಿರುಗಲಿಲ್ಲ.

“ನಿಮಗ ಒಂದ್ ಮಾತ್ ಹೇಳಿಲ್ಲ. ನೀವು ಅದನ್ನ ಬಾರಿಸಾಕ ಕುಂತ್ರ ನಾ ಸ್ಟೋ ಆರಿಸ್ತಿದ್ದೆ. ಅದು ಬುಸ್ ಅಂತೈತಿ, ಸರಿಯಾಗಿ ಕೇಳಸಂಗಿಲ್ಲ. ಮದ್ವಿ ಆದಾಗಿಂದ ನಿಮಗ ಅರ್ಧಾ ಬೆಂದ ಕಾಳಪಲ್ಯಾನ ಉಣಿಸೇನಿ. ಇಕಿಗೆ ಅಡಿಗಿ ಬರಂಗಿಲ್ಲ ಅಂತ ನಿಮ್ಮವ್ವ ಸಾಯೂತನಾ ಬೈದ್ಲು. ಬೈಸ್ಕೊಂಡೆ. ಯಾಕಂದ್ರ ಹೇಳಿದ್ರ ಹೋಗತಿತ್ತಲ್ರೀ ಅದು.”

ಅಂಗಡಿಯಲ್ಲಿ ಏನೋ ಕಡಿಮೆಯಾಯಿತು. ಬಿಸಿಲು ಇದ್ದಷ್ಟೇ ಇತ್ತು, ರಸ್ತೆಯ ಸದ್ದೂ ಇತ್ತು. ಗೋಡೆಯಿಂದ ಒಂದು ಮೊಳೆ ಕಿತ್ತ ಜಾಗದಂತೆ ಗಾಳಿಯಲ್ಲಿ ಒಂದು ಜಾಗ ಬರಿದಾದದ್ದು ಮೂವರಿಗೂ ಗೊತ್ತಾಯಿತು. ಮೂವರೂ ಒಟ್ಟಿಗೆ ತಲೆಯೆತ್ತಿದೆವು. ಯಮನೂರಪ್ಪ ಎದ್ದು ಬಂದು ನನ್ನ ತೊಡೆಯ ಮೇಲಿನ ಚೀಲದಿಂದ ಗಿಟಾರ್ ತೆಗೆದ. ಎಡಗೈ ತಂತಿಗಳ ಮೇಲೆ ಹೋಗಿ, ಕೂರಲು ಜಾಗವಿಲ್ಲದೆ ನಿಂತಿತು. ಬಲಗೈ ಎತ್ತಿದ್ದು ಎತ್ತಿದ ಹಾಗೇ ಇತ್ತು.

“ಏನ್ ಬಾರಿಸಾಕ ಹೊಂಟಿದ್ದೆ ನಾ?”

“ಹಳಸಿದ್ದು,” ಎಂದೆ. ಹೆಸರು ಉಳಿದಿತ್ತು.

“ಹ್ಯಾಂಗಿತ್ತು ಅದು?”

ನಾನು ಬಾಳವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಲ್ಲೂ ಇರಲಿಲ್ಲ.

ಯಮನೂರಪ್ಪ ನಗಲು ಶುರುಮಾಡಿದ. ಮೊದಲು ಹೊಟ್ಟೆಯಲ್ಲಿ, ಆಮೇಲೆ ಇಡೀ ಮೈಯಲ್ಲಿ. “ಹೋತು! ಬಾಳಾ, ಹೋತಲ್ಲೇ! ಒಂದ್ ತುಣಕೂ ಇಲ್ಲ ನೋಡು!” ಎಂದು ಬೆಂಚು ಗುದ್ದಿದ. ಸ್ಕ್ರೂಡ್ರೈವರುಗಳು ಕೆಳಗೆ ಬಿದ್ದವು. ಪಕ್ಕದ ಟೈರ್ ಅಂಗಡಿಯವನು ಅರ್ಧ ಬಾಗಿಲಿನಿಂದ ತಲೆ ತೂರಿಸಿ, “ಲಾಟರಿ ಹತ್ತೇತೇನೋ ಯಮನೂರಪ್ಪಾ?” ಎಂದು ಕೇಳಿದ. “ಅದರಪ್ಪನಂಥಾದ್ದು ಹತ್ತೇತಿ!” ಎಂದು ಇವನು ಕೂಗಿದ. ಬಾಳವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಗಂಡ ನಗುವುದನ್ನು ನೋಡಿ ಅವಳೂ ನಗಲು ನೋಡುತ್ತಿದ್ದಳು. ಒಳಕೋಣೆಗೆ ಏನೋ ತರಲೆಂದು ಹೋಗಿ ಏನೆಂಬುದನ್ನು ಮರೆತವರ ಕಣ್ಣು ಹೇಗಿರುತ್ತವೋ ಹಾಗಿದ್ದವು ಅವಳ ಕಣ್ಣು. “ಏನಿತ್ತೋ ತಮ್ಮಾ ಅದು?” ಎಂದು ನನ್ನನ್ನು ಮೆಲ್ಲಗೆ ಕೇಳಿದಳು. “ಚಲೋ ಇತ್ತಾ?”

ಆ ಶುಕ್ರವಾರ ಅವನು ಶೆಡ್ಡಿಗೆ ಬಂದ. ಸುದ್ದಿ ಹರಡಿ ಜನ ಗೇಟಿನವರೆಗೂ ನಿಂತಿದ್ದರು. ಕಳೆದುಕೊಂಡವರು ಅವರೂ ಆಗಿದ್ದರು. ಬಾಳವ್ವನ ಮೇಲೆ ಸಿಟ್ಟಾದವರೂ ಇದ್ದರು. ಅವಳಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಡಲು ಕ್ರಿಸ್ತೀನಾ ಮೇಡಂ ಕೂಡ ಸ್ವಲ್ಪ ತಡಮಾಡಿದರು. ಯಮನೂರಪ್ಪ ಎರಡು ಟ್ಯೂನು ಬಾರಿಸಿದ. ಅಂಥ ಬಾರಿಸುವಿಕೆಯನ್ನು ನಾನು ಅವನಿಂದ ಕೇಳಿರಲಿಲ್ಲ. ಪ್ರತಿ ಬೈಗುಳಕ್ಕೂ ಅವನ ಮುಖ ಹೊಳೆಯುತ್ತಿತ್ತು. ಬೈದವರನ್ನು ಹುಡುಕಿ ಹುಡುಕಿ ನೋಡುತ್ತಿದ್ದ.

ಆಮೇಲೆ ಹಳಸಿದ್ದರ ಸರದಿ ಬಂತು. ಅವನು ಗಿಟಾರನ್ನು ಎದೆಗೆ ಸರಿಮಾಡಿಕೊಂಡ. ಎರಡೂ ಕೈ ತಂತಿಗೆ ತಾಗದಂತೆ, ಒಂದು ಬೆರಳಿನಷ್ಟು ಮೇಲೆ ಹಿಡಿದು, ಸುಮ್ಮನೆ ಕೂತ. ಯಾರೂ ಕೆಮ್ಮಲಿಲ್ಲ. ಎತ್ತಿಕೊಂಡಿದ್ದ ಕೂಸೊಂದು ತಾಯಿಯ ಕೊರಳಿನ ಸರ ಜಗ್ಗುವುದನ್ನು ಬಿಟ್ಟು ಅವನ ಕಡೆ ತಿರುಗಿತು. ನನ್ನ ಕೈಯ ಕೂದಲು ನಿಂತವು. ನನಗೆ ಏನೂ ಕೇಳಿಸುತ್ತಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೂ ಅದು ಯಾವ ಜಾಗಕ್ಕೆ ಬಂದಿದೆ ಎಂಬುದು ಗೊತ್ತಾಗುತ್ತಿತ್ತು. ಒಂದು ಕಡೆ ಶೆಡ್ಡಿಗೆ ಶೆಡ್ಡೇ ಒಟ್ಟಿಗೆ ಉಸಿರು ಹಿಡಿಯಿತು, ಸ್ವಲ್ಪ ಹೊತ್ತಿನ ಮೇಲೆ ಒಟ್ಟಿಗೆ ಬಿಟ್ಟಿತು.

ಚಿದಂಬರಯ್ಯ ನನ್ನ ಪಕ್ಕದಲ್ಲಿದ್ದರು. ಅವರ ಗಲ್ಲ ಒದ್ದೆಯಾಗಿತ್ತು. ಅದನ್ನು ಮುಟ್ಟಿ ನೋಡಿಕೊಂಡು, ಬೆರಳನ್ನು ದಿಟ್ಟಿಸಿ, ನನ್ನ ಕಿವಿಯ ಹತ್ತಿರ ಬಾಗಿ, “ಯಾಕೆ ನಿಲ್ಲಿಸಿಬಿಟ್ರು ಇವ್ರು?” ಎಂದು ಪಿಸುಗುಟ್ಟಿದರು.

“ನಿಲ್ಸಿಲ್ರಿ,” ಎಂದೆ.

ಮುಂದಿನ ಸಾಲಿನಲ್ಲಿ ಬಾಳವ್ವ ಎದ್ದು ನಿಂತಳು. ಸೆರಗು ಸೊಂಟಕ್ಕೆ ಬಿಗಿದು, ಎದೆ ತುಂಬ ಗಾಳಿ ಎಳೆದುಕೊಂಡು, ಶೆಡ್ಡಿನ ತಗಡು ನಡುಗುವಂತೆ ಕೂಗಿದಳು: “ಸಾಕ್ ಮಾಡಲೇ ಭಾಡ್ಯಾ! ಕಿವಿ ಸತ್ತು ಹೋದವು! ಸಾಕ್ ಮಾಡಲೇ!”

ಅವನು ಸಾಕು ಮಾಡಲಿಲ್ಲ.